ಹೇಳಿಟ್ಟ ಹಸಿರು

ಕಳೆದ ವಾರ ಬನಹಟ್ಟಿಯಲ್ಲಿ ಬಸ್ಸಿಳಿದು ಪೇಟೆಯ ಕಡೆ ನಡೆಯುತ್ತಿದ್ದೆ. ಒಂದು ಓಣಿಯ ತಿರುವಿನಲ್ಲಿ ಗಂಜಿ ಹಾಕಿದ ನೂಲಿನ ವಾಸನೆ ಮೂಗಿಗೆ ಬಡಿಯಿತು. ಹಿಟ್ಟಿನ ಹುಳಿ, ಬಿಸಿಲಿಗೆ ಒಣಗುವ ಹತ್ತಿ, ಮಗ್ಗಕ್ಕೆ ಬಿಡುವ ಎಣ್ಣೆ, ಮೂರೂ ಕೂಡಿದ ವಾಸನೆ ಅದು. ನಾನು ನಿಂತುಬಿಟ್ಟೆ. ಯಾಕೆ ನಿಂತೆ ಎಂದು ತಕ್ಷಣ ತಿಳಿಯಲಿಲ್ಲ. ಬಿಸಿಲು ಚುರುಗುಟ್ಟುತ್ತಿದ್ದರೂ ಬೆರಳುಗಳು ತಣ್ಣಗಾಗಿದ್ದವು. ಆಮೇಲೆ ನೆನಪಾಯಿತು. ಹುನ್ನೂರಿನ ಲಗಮವ್ವ ಬಂದು ಖಾಲಿ ಕಪಾಟಿನ ಮುಂದೆ ನಿಂತ ಮುಂಜಾನೆಯೂ ಅಂಗಳದ ತುಂಬ ಇದೇ ವಾಸನೆ ಇತ್ತು.

ಈಗ ನಾನು ಬೀಳಗಿಯ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದೇನೆ. ಅದಕ್ಕೆ ಮೊದಲು ಒಂದು ವರ್ಷ ಜಮಖಂಡಿಯಿಂದ ದಿನಾ ಬಸ್ಸು ಹಿಡಿದು ಬನಹಟ್ಟಿಗೆ ಬಂದು, ಗುರುಪಾದಪ್ಪ ಕಾಕಾ ಅವರ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಆ ವರ್ಷದ ಬಗ್ಗೆ ಕೇಳಿದವರಿಗೆ ಕಂಪ್ಯೂಟರಿನ ಕತೆ ಹೇಳಿ ನಗಿಸುವುದು ನನ್ನ ರೂಢಿ. ನಗುವ ಮೊದಲು ಏನಾಯಿತು ಎಂಬುದನ್ನು ಹೇಳುವುದಿಲ್ಲ. ಇಲ್ಲಿ ಎರಡನ್ನೂ ಆದ ಹಾಗೆ ಬರೆಯಲು ನೋಡುತ್ತೇನೆ. ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ಕೇಳಿದ್ದು ಯಾವುದು ಎಂದು ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಕಾಕಾ ಅವರ ಮನೆಯ ಮುಂಭಾಗವೇ ಅಂಗಡಿ. ಹಿಂದೆ ತಗಡಿನ ಶೆಡ್ಡು, ಅದರಲ್ಲಿ ಎಂಟು ವಿದ್ಯುತ್ ಮಗ್ಗ. ಮಗ್ಗಗಳನ್ನು ನೋಡಿಕೊಳ್ಳುವ ಮೇಸ್ತ್ರಿ ದಸ್ತಗೀರ. ಮುಧೋಳದಲ್ಲಿ ಇನ್ನೊಂದು ಅಂಗಡಿ, ಅದಕ್ಕೆ ಕಾಕಾ ಅವರ ತಮ್ಮ ಮಹಾದೇವ. ಇಷ್ಟೇ ಸಂಸಾರ.

ಈ ವ್ಯಾಪಾರದಲ್ಲಿ ಒಂದು ಮಾತಿದೆ, ‘ಹೇಳಿಟ್ಟದ್ದು’. ಗಿರಾಕಿ ಬಂದು ಇಂಥ ಬಣ್ಣ, ಅಂಚಿಗೆ ಇಂಥ ದಡಿ, ಇಷ್ಟು ಸೀರೆ, ಇಂಥ ಹೊತ್ತಿಗೆ ಬೇಕು ಎನ್ನುತ್ತಾರೆ. ಕಾಕಾ “ಆತ್ರಿ” ಎನ್ನುತ್ತಾರೆ. ಅಲ್ಲಿಂದ ಆಚೆಗೆ ಆ ಸೀರೆ ಹೇಳಿಟ್ಟದ್ದು. ಗಿರಾಕಿ ಒಂದು ರೂಪಾಯಿಯನ್ನೂ ಕೊಟ್ಟಿರುವುದಿಲ್ಲ. ಎಷ್ಟೋ ಸಲ ಮಗ್ಗಕ್ಕೆ ನೂಲೂ ಏರಿರುವುದಿಲ್ಲ. ಆದರೂ ಆ ಸೀರೆ ಇನ್ನೊಬ್ಬರಿಗಿಲ್ಲ. ಮೊದಲೆಲ್ಲ ಮಹಾದೇವನಿಗೆ ಮುಧೋಳದಲ್ಲಿ ಯಾವುದಾದರೂ ಸೀರೆ ಕಡಿಮೆ ಬಿದ್ದರೆ ಅಣ್ಣನಿಗೆ ಫೋನು ಮಾಡುತ್ತಿದ್ದ. “ಅಣ್ಣಾ, ಮಾವಿನ ದಡಿದು ಅದಾವೇನು?” “ಅದಾವ, ಆದ್ರ ಹೇಳಿಟ್ಟಾವ.” ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನಾನು ಸೇರಿದ ಮೇಲೆ ಮಹಾದೇವನೇ ಹಟ ಹಿಡಿದು ಲೆಕ್ಕದ ಹೊಸ ಸಾಫ್ಟ್‌ವೇರ್ ತರಿಸಿದ. ಬನಹಟ್ಟಿಯಲ್ಲಿ ಬರೆದದ್ದು ಮುಧೋಳದ ಮೊಬೈಲಿನಲ್ಲಿ ಆ ಕ್ಷಣವೇ ಕಾಣುತ್ತದೆ ಎಂಬುದು ಅವನ ಹಿಗ್ಗು.

“ಎಲ್ಲಾ ಮ್ಯಾಲೆ ಇರತೈತಿ ಅಣ್ಣಾ, ಮ್ವಾಡದಾಗ.”

“ಮಳಿ ಆದ್ರ ಲೆಕ್ಕ ತೊಯ್ಯೂದಿಲ್ಲೇನೋ?” ಎಂದರು ಕಾಕಾ.

“ತೊಯ್ದ್ರ ಸಾವಿತ್ರಿ ಒಣಾ ಹಾಕತಾಳ ಬಿಡು.”

ಸಾವಿತ್ರಿ ಎಂದರೆ ನಾನು. ಎರಡು ವಾರದಲ್ಲಿ ನನಗೆ ಅದರ ಮೂಲೆ ಮೂಲೆಯೂ ಪರಿಚಯವಾಯಿತು. ಬಿಲ್ಲು ಚೆನ್ನಾಗಿ ಬರುತ್ತಿತ್ತು. ತೆರಿಗೆಯ ಲೆಕ್ಕ ತಾನೇ ಹಾಕುತ್ತಿತ್ತು. ಮಗ್ಗದಿಂದ ಇಳಿದ ಸೀರೆ ಬರೆದರೆ ನೇಕಾರರ ಕೂಲಿಯೂ ಅದರಲ್ಲೇ ಕೂಡುತ್ತಿತ್ತು. ಒಂದೇ ಒಂದು ಇರಲಿಲ್ಲ. ದರ ಹೇಳುವ ‘ಅಂದಾಜು’ ಇತ್ತು, ಮಾರಿದ ಮೇಲಿನ ‘ಬಿಲ್ಲು’ ಇತ್ತು, ನಡುವಿನ ಆರ್ಡರ್ ಇರಲಿಲ್ಲ. ಹೇಳಿಟ್ಟದ್ದನ್ನು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ಲಗಮವ್ವ ಮೊದಲ ಸಲ ಬಂದಳು. ಹುನ್ನೂರಿನಲ್ಲಿ ಕುರಿ, ಹೊಲ ಎರಡೂ ಇರುವ ಮನೆತನ, ಬೀರೇಶ್ವರನ ಒಕ್ಕಲು. ಹಣೆ ತುಂಬ ಭಂಡಾರದ ಅರಿಷಿಣ. ಬೇಸಿಗೆಯಲ್ಲಿ ಮಗನ ಮದುವೆ.

“ನಲವತ್ತ ಸೀರಿ ಬೇಕ್ರಿ ಸಾವಕಾರ್ರ. ಗಿಣಿ ಹಸರು, ಕೆಂಪ ದಡಿ. ಎಲ್ಲಾ ಒಂದ ನಮೂನಿ ಇರಬೇಕು.”

“ನಲವತ್ತ? ಅಂಗಡಿ ಇಡತೀ ಏನ ಬೇ?”

“ನೆಗೆಣ್ಣ್ಯಾರು, ನಾದಿನ್ಯಾರು, ಅವರ ಸೊಸ್ತ್ಯಾರು. ಭಾಗ ಆದಾಗಿಂದ ಆಚಿ ಮನಿಯವ್ರು ನಮ್ಮನ್ಯಾಗ ನೀರ ಕುಡದಿಲ್ರಿ. ನಮ್ಮ ನೆಗೆಣ್ಣಿ ಮಾಯವ್ವ ಅಂತೂ ಎದುರ ಬಂದ್ರ ಮಾರಿ ತಿರುವತಾಳ. ಈ ಮದವ್ಯಾಗ ಅವರಿಗೂ ನಮಗೂ ಒಂದ ಬಣ್ಣ ಉಡಸ್ತೇನಿ. ಹಂದರದಾಗ ಕುಂತ್ರ ಯಾರು ಯಾವ ಮನ್ಯಾಕಿ ಅಂತ ಮಂದಿಗೆ ತಿಳೀಬಾರದು.”

“ಒಂದೆರಡು ಬಣ್ಣ ಹೆಚ್ಚು ಕಡಿಮಿ ಆದ್ರ?”

“ಆತಂದ್ರ ಮುಗೀತು. ‘ನೋಡ್ರೆವಾ, ನಮಗ ಬ್ಯಾರೇನ ಇಟ್ಟಾಳ’ ಅಂತ ಎದ್ದ ಹೊಕ್ಕಾಳ.”

ಕಾಕಾ ನಗಲಿಲ್ಲ. “ಆತವಾ. ಹೇಳಿಟ್ಟಂಗ” ಎಂದರು.

ನಾನು ಅದನ್ನು ಅಂದಾಜಿನಲ್ಲಿ ಬರೆದೆ. ಬೇರೆ ದಾರಿ ಇರಲಿಲ್ಲ. ಬಿಲ್ಲನ್ನೇ ಮಾಡಿಡೋಣವೆಂದರೆ ಆಡಿಟರ್ ಮೊದಲೇ ಎಚ್ಚರಿಸಿದ್ದರು. ಮಾಲು ಹೋಗದೆ ಬಿಲ್ಲು ಹರಿಯುವುದು ಸರಿಯಲ್ಲ, ತೆರಿಗೆ ಆ ತಿಂಗಳೇ ತಲೆಯ ಮೇಲೆ ಬೀಳುತ್ತದೆ. ಅಂದಾಜು ಮಾತ್ರ ತನ್ನ ಪುಟದಲ್ಲಿ ತಾನು ಸುಮ್ಮನೆ ಕುಳಿತಿರುತ್ತದೆ. ಕಪಾಟಿನಲ್ಲಿರುವ ಒಂದು ಸೀರೆಯನ್ನೂ ಅದು ಹಿಡಿದಿಡುವುದಿಲ್ಲ. ಈ ಕೊನೆಯ ಮಾತು ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಲವತ್ತೂ ನೇಯ್ದು ಇಳಿದವು. ನಾನು ಮಾಲಿನ ಲೆಕ್ಕಕ್ಕೆ ಏರಿಸಿದೆ. ಕೂಲಿ ಆಗಬೇಕೆಂದರೆ ಏರಿಸಲೇಬೇಕು.

ಇನ್ನು ಮುಂದಿನದು ನಾನು ಕೇಳಿದ್ದು. ಒಂದು ದಿನ ಕಾಕಾ ನೂಲಿಗೆಂದು ರಬಕವಿಗೆ ಹೋಗಿದ್ದರು. ನಾನು ಜಮಖಂಡಿಯಲ್ಲಿ ಆಡಿಟರ್ ಕಚೇರಿಯಲ್ಲಿದ್ದೆ. ಮುಧೋಳದ ಅಂಗಡಿಗೆ ಹೊರಗಿನ ವ್ಯಾಪಾರಿಯೊಬ್ಬ ಬಂದು ಹಸಿರು ಸೀರೆ ಕೇಳಿದ. ಮಹಾದೇವ ಮೊಬೈಲು ನೋಡಿದ. ಬನಹಟ್ಟಿಯಲ್ಲಿ ನಲವತ್ತು ಇದ್ದವು. ಬಿಲ್ಲು ಹರಿದ. ಬಿಲ್ಲು ನೋಡಿ ಇಲ್ಲಿಯ ಆಳುಗಳು ಟೆಂಪೋಗೆ ಏರಿಸಿದರು. ಬಣ್ಣ ಸರಿ, ಲೆಕ್ಕ ಸರಿ, ತೆರಿಗೆ ಸರಿ. ಅಣ್ಣನಿಗೆ ಫೋನು ಮಾಡಿ ಕೇಳುವ ಅಗತ್ಯವೇ ಬೀಳಲಿಲ್ಲ.

ಇದು ನಾನು ಕಂಡದ್ದು. ಮರುದಿನ ಬಿಸಿಲು ಏರುವ ಮೊದಲೇ ಲಗಮವ್ವ ಬಂದಳು. ಮದುವೆಗೆ ಇನ್ನೂ ಒಂದು ತಿಂಗಳಿತ್ತು. ಒಯ್ಯಲು ಬಂದವಳಲ್ಲ, ಕಣ್ಣಿಂದ ನೋಡಿ ಹೋಗಲು ಬಂದಿದ್ದಳು. ಕಾಕಾ ತಾವೇ ಎದ್ದು ಕಪಾಟು ತೆಗೆದರು. ಮೂರನೆಯ ಹಲಗೆಯ ಮೇಲೆ ಏನೂ ಇರಲಿಲ್ಲ. ಕೆಳಗಿನ ಹಲಗೆ ನೋಡಿದರು, ಮೇಲಿನದು ನೋಡಿದರು. ಮತ್ತೆ ಮೂರನೆಯದನ್ನೇ ನೋಡಿದರು. ಗಡಿಬಿಡಿಯಲ್ಲಿ ಫೋನು ಹಚ್ಚಿದಾಗ ಮಹಾದೇವನ ದನಿ ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿಹೋಯಿತು.

“ಮಹಾದ್ಯಾ, ಆ ಹಸರು ಸೀರಿ ಎಲ್ಲ್ಯದಾವೋ?”

“ಮಾರೀನಲ್ಲ ಅಣ್ಣಾ. ನಲವತ್ತ ತೋರಸ್ತಿತ್ತು, ಒಂದ ಹೊಡತಕ್ಕ ಹ್ವಾದೂ ನೋಡು!”

“ಹೇಳಿಟ್ಟಾವ ಇದ್ದೂ ಲೇ ಅವು.”

“ಅದರಾಗ ಹಂಗೇನ ಇರಲಿಲ್ಲಲ್ಲ ಅಣ್ಣಾ” ಎಂದ.

ಅವನು ಹೇಳಿದ್ದು ಖರೆ. ನಾನು ಪರದೆಯನ್ನೇ ನೋಡುತ್ತಿದ್ದೆ. ಅದರಲ್ಲಿ ಹಾಗೇನೂ ಇರಲಿಲ್ಲ.

ಲಗಮವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲವೇನೋ. ಖಾಲಿ ಹಲಗೆಯ ಮೇಲೆ ಅಂಗೈ ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿದಳು. ಬಂದು ಬಾಗಿಲ ಮೆಟ್ಟಿಲ ಮೇಲೆ ಕುಳಿತಳು.

“ನಾ ಮಾಯವ್ವನ ಮನಿಗೆ ಹೋಗಿ ಹೇಳಿ ಬಂದೀನ್ರಿ” ಎಂದಳು. “ಎಲ್ಲಾರಿಗೂ ಒಂದ ಬಣ್ಣ ಬರತೈತಿ ಅಂತ. ಹೊಸ್ತಿಲ ಹೊರಗ ನಿಂತ ಹೇಳೀನಿ. ಒಳಗ ಬಾ ಅನ್ನಲಿಲ್ಲ ಆಕಿ. ಆದ್ರ ಬಾಗಲಾ ಹಾಕಲಿಲ್ಲ.”

ಕಾಕಾ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವರು ಟೋಪಿ ತೆಗೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಮದವಿ ಹಿಂದಿನ ದಿನ ಬಾರವಾ. ನಲವತ್ತೂ ನೇಸಿ ಕೊಡ್ತೇನಿ.”

ಅವಳು ಅವರ ಮುಖ ನೋಡಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದಳು, “ಹಂಗಾರ ಈಗ ಮತ್ತ ಹೇಳಿಡಬೇಕೇನ್ರಿ?”

ಅವಳು ಹೋದ ಮೇಲೆ ನಾನು ಕೀಲಿಮಣೆಯ ಮೇಲೆ ಕೈ ಇಟ್ಟೆ. ಬೆರಳು ಬಿಸಿಯಾಗಲು ಬಹಳ ಹೊತ್ತು ಹಿಡಿಯಿತು. ಕಾಕಾ “ತಗದ ಒಗಿ ಅದನ್ನ. ನಮ್ಮಪ್ಪನ ಕಾಲದಾಗೂ ಹಿಂಗ ಆಗಿರಲಿಲ್ಲ” ಎಂದು ಒಳಗೆ ಹೋದರು. ನಾನು ಎರಡು ವಾರ ಕೊಡಿ ಎಂದು ಬೇಡಿಕೊಂಡೆ.

ಸಾಫ್ಟ್‌ವೇರ್ ಕಂಪನಿಯ ಸಹಾಯದ ನಂಬರಿಗೆ ಫೋನು ಮಾಡಿದೆ. ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. ಅವನ ಕನ್ನಡ ಬೆಂಗಳೂರು ಕಡೆಯದು.

“ಹೇಳಿಟ್ಟದ್ದು ಅಂದರೆ ಉದ್ರಿನಾ ಮೇಡಮ್?”

“ಅಲ್ಲ.”

“ಅಡ್ವಾನ್ಸ್ ಕೊಟ್ಟಿರ್ತಾರಾ?”

“ಇಲ್ಲ, ಏನೂ ಕೊಟ್ಟಿರೋದಿಲ್ಲ.”

“ಮಾಲು ತಗೊಂಡು ಹೋಗಿರ್ತಾರಾ?”

“ಮಾಲು ಇನ್ನೂ ನೇಯ್ದೇ ಇರೋದಿಲ್ಲ.”

“ಹಾಗಾದ್ರೆ ಮೇಡಮ್, ಏನೂ ಆಗೇ ಇಲ್ಲವಲ್ಲ?”

ಲಗಮವ್ವ ಅಂಗೈಯಿಂದ ಹಲಗೆ ಸವರಿದ್ದನ್ನು ಅವನಿಗೆ ಹೇಗೆ ಹೇಳುವುದು? ಸೇಲ್ಸ್ ಆರ್ಡರ್ ಸೌಲಭ್ಯ ಸದ್ಯಕ್ಕಿಲ್ಲ, ನಿಮ್ಮ ಬೇಡಿಕೆ ಬರೆದುಕೊಂಡಿದ್ದೇವೆ ಎಂದ. ಯಾವಾಗ ಬರುತ್ತದೆ ಎಂದೆ. ಅದು ತನಗೆ ತಿಳಿಯದು ಎಂದ. ಪಾಪ, ನಿಜವನ್ನೇ ಹೇಳಿದ.

ಇತ್ತ ನೂಲಿನದೇ ದೊಡ್ಡ ಗೋಳಾಯಿತು. ಆ ಗಿಣಿ ಹಸಿರು ಸಿದ್ಧ ಸಿಗಲಿಲ್ಲ. ಬಣ್ಣಕ್ಕೆ ಕೊಟ್ಟು, ಒಂದು ಸಲ ಕಪ್ಪಾಗಿ ಬಂದು, ಕಾಕಾ ಅದನ್ನು ವಾಪಸು ಕಳಿಸಿ, ಮತ್ತೆ ಬರುವಷ್ಟರಲ್ಲಿ ತಿಂಗಳಿನ ಅರ್ಧ ಕಳೆಯಿತು. ಮದುವೆಯ ಸುಗ್ಗಿ ಬೇರೆ. ಮುಧೋಳದಲ್ಲಿ ಮಹಾದೇವ, ಅವನ ಅಂಗಡಿಯ ಇಬ್ಬರು ಕೆಲಸದವರು, ಮೂವರ ಮೊಬೈಲಿನಲ್ಲೂ ನಮ್ಮ ಮಾಲು ಕಾಣುತ್ತಿತ್ತು. ಸೀರೆ ಮಗ್ಗದಿಂದ ಮೂರು ನಾಲ್ಕಾಗಿ ಇಳಿಯುತ್ತದೆ. ಇಳಿದದ್ದನ್ನು ಬರೆಯದಿದ್ದರೆ ನೇಕಾರರ ಕೂಲಿ ನಿಲ್ಲುತ್ತದೆ. ಬರೆದರೆ ಯಾರಾದರೂ ಮಾರುತ್ತಾರೆ. ಎಲ್ಲರಿಗೂ ಹೇಳಿ ನೆನಪಿಡಿಸೋಣ ಎಂದರೆ, ಆ ಗಡಿಬಿಡಿಯಲ್ಲಿ ನೆನಪಿನ ಮೇಲೆ ನನಗೆ ಭರವಸೆ ಉಳಿದಿರಲಿಲ್ಲ.

ದಾರಿ ಕಂಡದ್ದು ಮುಧೋಳಕ್ಕೆ ಮಾಲು ಕಳಿಸುವಾಗ. ಮುಧೋಳದ ಅಂಗಡಿ ನಮ್ಮ ಲೆಕ್ಕದಲ್ಲಿ ಎರಡನೆಯ ಗೋದಾಮು. ಇಲ್ಲಿಂದ ಅಲ್ಲಿಗೆ ಹತ್ತು ಸೀರೆ ಕಳಿಸಿದೆ ಎಂದು ಬರೆದರೆ ಇಲ್ಲಿ ಹತ್ತು ಇಳಿಯುತ್ತವೆ, ಅಲ್ಲಿ ಹತ್ತು ಏರುತ್ತವೆ. ಮಾರಾಟ ಆಗಿರುವುದಿಲ್ಲ, ತೆರಿಗೆ ಬೀಳುವುದಿಲ್ಲ, ಇಲ್ಲಿಯ ಲೆಕ್ಕದಲ್ಲಿ ಅವು ಕಾಣುವುದೂ ಇಲ್ಲ. ಅದನ್ನು ಬರೆಯುತ್ತ ಕೈ ನಿಂತಿತು. ಗೋದಾಮು ನಿಜವಾಗಿ ಇರಲೇಬೇಕೆಂದು ಕಂಪ್ಯೂಟರಿಗೆ ಗೊತ್ತೇ?

ಮೂರನೆಯ ಗೋದಾಮು ತೆರೆದೆ. ಹೆಸರು ಕೇಳಿತು. ‘ಹೇಳಿಟ್ಟದ್ದು’ ಎಂದು ಬರೆದೆ. ವಿಳಾಸ ಕೇಳಿತು. ವಿಳಾಸವಿಲ್ಲದೆ ಮುಂದೆ ಹೋಗಲು ಬಿಡಲಿಲ್ಲ. ಕಾಕಾ ಅವರನ್ನು ಕರೆದು ಇದೆಲ್ಲವನ್ನೂ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕುಳಿತು, ಎರಡೆರಡು ಸಲ ಕೇಳಿ ತಿಳಿದುಕೊಂಡರು.

“ಅಂದ್ರ ಸೀರಿ ಇಲ್ಲೇ ಇರತಾವ.”

“ಹೌದ್ರಿ ಕಾಕಾ.”

“ಆದ್ರ ಇಲ್ಲಿಲ್ಲ.”

“ಹೌದು.”

“ಎಲ್ಲ್ಯದಾವ ಅಂತ ಕೇಳಾಕತ್ತೈತಿ ಅದು?”

“ಹೌದ್ರಿ. ವಿಳಾಸ ಬೇಕಂತ.”

ಅವರು ಮೀಸೆ ಸವರಿಕೊಂಡರು. ಎಷ್ಟೋ ದಿನಗಳ ಮೇಲೆ ಮುಖದಲ್ಲಿ ನಗು ಕಂಡಿತು. “ಗುರುಪಾದಪ್ಪನ ಬಾಯಿ, ಬನಹಟ್ಟಿ ಅಂತ ಬರಿ. ಇಷ್ಟ ವರ್ಷ ಅಲ್ಲೇ ಇದ್ದೂ ಅವು.”

ನಾನು ಹಾಗೆಯೇ ಬರೆದೆ. ಅದು ಒಪ್ಪಿಕೊಂಡಿತು.

ಅದೇ ದಿನ ಲಗಮವ್ವನ ನಲವತ್ತು ಸೀರೆಯನ್ನು ಆ ಗೋದಾಮಿಗೆ ಸಾಗಿಸಿದೆ. ಒಂದು ಸೀರೆಯೂ ಇನ್ನೂ ನೇಯ್ದಿರಲಿಲ್ಲ. ಕಂಪ್ಯೂಟರು ಎಚ್ಚರಿಕೆ ಕೊಟ್ಟಿತು, ಆದರೆ ತಡೆಯಲಿಲ್ಲ. ಬನಹಟ್ಟಿಯ ಸಾಲಿನಲ್ಲಿ ಗಿಣಿ ಹಸಿರಿನ ಮುಂದೆ ಕೆಂಪಗೆ ‘-40’ ಎಂದು ಮೂಡಿತು. ಕಾಕಾ ಅವರ ನಗು ಅಲ್ಲಿಗೆ ಆರಿತು.

“ಮೈನಸ್ ಬಂತಲ್ಲ ತಂಗಿ. ದಿವಾಳಿ ಎದ್ದಂಗ ಕಾಣತೈತಿ.”

“ಇಲ್ರೀ ಕಾಕಾ. ನಾವು ಇಷ್ಟು ನೇಯೋದು ಬಾಕಿ ಐತಿ ಅಂತ ಅದು. ಒಂದ ಸೀರಿ ಇಳದ್ರ ಮೂವತ್ತೊಂಬತ್ತ ಆಗತೈತಿ. ಸೊನ್ನಿಗೆ ಬಂದ ದಿನ ಲಗಮವ್ವಂದು ಮುಗೀತು.”

ಅವರು ಪರದೆಯ ಹತ್ತಿರ ಬಾಗಿ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಶೆಡ್ಡಿನ ಬಾಗಿಲಿಗೆ ಹೋಗಿ ಮಗ್ಗಗಳ ಸಪ್ಪಳದ ಮೇಲೆ ಕೂಗಿದರು, “ದಸ್ತಗೀರಾ! ಹಸರು ಹಾಸು ಏರಸು. ನಾಲ್ಕ ಮಗ್ಗಕ್ಕ!”

ಆ ದಿನಗಳು ನನಗೆ ಈಗಲೂ ಮಗ್ಗದ ಸಪ್ಪಳವಾಗಿಯೇ ನೆನಪಿವೆ. ತಗಡು ಕಾದು ಶೆಡ್ಡಿನ ಒಳಗೆ ಹೆಜ್ಜೆ ಇಟ್ಟರೆ ಮುಖಕ್ಕೆ ಝಳ ಹೊಡೆಯುತ್ತಿತ್ತು. ನೇಕಾರರು ಹೆಗಲ ಟವೆಲು ತೊಯ್ಸಿ ತಲೆಗೆ ಸುತ್ತಿಕೊಂಡು ನಿಲ್ಲುತ್ತಿದ್ದರು. ದಸ್ತಗೀರ ದಿನಾ ಮುಂಜಾನೆ ಬಂದು ಮೊದಲು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದ. “ಅಕ್ಕಾರ, ಇವತ್ತ ಮೈನಸ್ ಎಷ್ಟ ಐತ್ರಿ?” ಮೂವತ್ತಾರು ಎಂದರೆ “ಛೇ, ಇನ್ನೂ ಆಳದಾಗ ಅದೇವಿ” ಎನ್ನುತ್ತಿದ್ದ. ಇಪ್ಪತ್ತೆಂಟು ಎಂದ ದಿನ “ಈಗ ಎದಿಮಟಾ ನೀರು” ಎಂದ. ನೇಕಾರರಿಗೂ ಅದೇ ಆಟವಾಯಿತು. ಚಹಾ ಕುಡಿಯುವಾಗ ಇಣುಕಿ “ನೀರ ಎಲ್ಲೀಮಟಾ ಬಂತು?” ಎಂದು ಕೇಳಿಹೋಗುತ್ತಿದ್ದರು. ಉಳಿದ ಹೇಳಿಟ್ಟ ಸೀರೆಗಳನ್ನೂ ನಾನು ಅದೇ ಗೋದಾಮಿಗೆ ಸಾಗಿಸಿದೆ. ಯಾವ ಬಣ್ಣ ಎಷ್ಟು ನೇಯಬೇಕೆಂದು ಕಾಕಾ ಮತ್ತು ದಸ್ತಗೀರ ಮೊದಲು ಅರ್ಧ ದಿನ ವಾದ ಮಾಡುತ್ತಿದ್ದರು. ಈಗ ಕೆಂಪು ಅಂಕಿ ನೋಡಿ ಎದ್ದುಹೋಗುತ್ತಿದ್ದರು.

ಮದುವೆ ಹತ್ತಿರ ಬಂದಾಗ ಒಂದು ಸಂಜೆ ಜಮಖಂಡಿಯ ದಿಕ್ಕಿನಿಂದ ಕೆಂಪು ಧೂಳು ಎದ್ದಿತು. ಗಾಳಿ, ಆಮೇಲೆ ಆಲಿಕಲ್ಲು ಮಳೆ. ಕಂಬಗಳು ಉರುಳಿ ಕರೆಂಟು ಹೋಯಿತು. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಮೈನಸ್ ಹನ್ನೊಂದಕ್ಕೆ ಬಂದು ನಿಂತಿತು. ಎಂಟು ಮಗ್ಗ ಒಟ್ಟಿಗೆ ಸುಮ್ಮನಾದರೆ ಆ ಮನೆಯಲ್ಲಿ ಎಂಥ ಮೌನ ಬೀಳುತ್ತದೆಂದು ನನಗೆ ಆಗ ತಿಳಿಯಿತು. ಗೋಡೆಯ ಆಚೆ ಯಾರೋ ಕೆಮ್ಮಿದ್ದು ಕೇಳುತ್ತಿತ್ತು. ಮಹಾದೇವ ಫೋನು ಮಾಡಿ, ಬೇರೆ ಕಡೆಯ ಹಸಿರು ಸೀರೆ ಹನ್ನೊಂದು ಸಿಗುತ್ತವೆ, ಬಣ್ಣ ಹತ್ತಿರ ಹತ್ತಿರ ಅದೇ ಇದೆ, ತರಲೇ ಎಂದು ಕೇಳಿದ.

“ಹತ್ತರ ಹತ್ತರ ಇದ್ರ ಆಗೂದಿಲ್ಲೋ ಮಹಾದ್ಯಾ. ಅದ ಬೇಕು” ಎಂದರು ಕಾಕಾ.

ಅವರು ಆಸೆ ಬಿಟ್ಟಿದ್ದರೇ ಇಲ್ಲವೇ, ನಾನು ಹೇಳಲಾರೆ. ಕಟ್ಟೆಯ ಮೇಲೆ ಕುಳಿತು ದೀಪದ ಕಂಬವನ್ನು ನೋಡುತ್ತಿದ್ದರು ಎಂಬುದಷ್ಟೇ ನಾನು ಕಂಡದ್ದು. ಮೂರನೆಯ ದಿನ ಮಧ್ಯಾಹ್ನ, ನಾವು ರೊಟ್ಟಿ ಗಂಟು ಬಿಚ್ಚಿದ್ದೆವು, ಶೆಡ್ಡಿನಲ್ಲಿ ಒಂದು ಮಗ್ಗ ತಾನೇ ಖಟ್ ಎಂದಿತು. ಗುಂಡಿ ಆರಿಸದೆ ಬಿಟ್ಟಿದ್ದರು. ಆಮೇಲೆ ಎರಡು, ಆಮೇಲೆ ಎಲ್ಲವೂ. ದಸ್ತಗೀರ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಓಡಿದ. ಕಾಕಾ ಹೇಳದೆಯೇ ಉಳಿದ ನಾಲ್ಕು ಮಗ್ಗದವರು ತಮ್ಮ ಪಾಳಿ ಮುಗಿದ ಮೇಲೂ ನಿಂತು ಹಸಿರಿನ ಮಗ್ಗಕ್ಕೆ ಕೈ ಕೊಟ್ಟರು.

ಕೊನೆಯ ಸೀರೆ ಮಡಿಸಿ ಇಟ್ಟು, ಬರೆದು, ಗುಂಡಿ ಒತ್ತಿದೆ. ಕೆಂಪು ಹೋಗಿ ಕಪ್ಪು ಸೊನ್ನೆ ಬಂದಿತು. “ಸೊನ್ನಿ!” ಎಂದು ನಾನು ಕೂಗಿದ್ದು ಓಣಿಗೆ ಕೇಳಿಸಿತಂತೆ. ಇದು ಆಮೇಲೆ ಕೇಳಿದ್ದು.

ಮರುದಿನ ಮಹಾದೇವನ ಫೋನು ಬಂತು. ಗಿಣಿ ಹಸಿರಿಗೆ ಅಲ್ಲಿ ಒಬ್ಬ ದೊಡ್ಡ ಗಿರಾಕಿ ಕುಳಿತಿದ್ದ.

“ಅಣ್ಣಾ, ಬನಹಟ್ಟ್ಯಾಗ ಸೊನ್ನಿ ತೋರಸಾಕತ್ತೈತಿ. ಆದ್ರ ಹೇಳಿಟ್ಟದ್ದು ಅಂತ ಒಂದ ಗೋದಾಮದಾಗ ನಲವತ್ತ ಅದಾವ. ಎಲ್ಲಿ ಹಿಡದೀ ಈ ಗೋದಾಮ? ಬಾಡಗಿ ಎಷ್ಟ?”

“ವಿಳಾಸ ಓದು.”

ಫೋನಿನಲ್ಲಿ ಅವನು ತಡವರಿಸಿ ಓದಿದ. “ಗುರುಪಾದಪ್ಪನ… ಬಾಯಿ…” ಅವನ ಅಂಗಡಿಯೇ ನಕ್ಕದ್ದು ನಮಗೆ ಕೇಳಿಸಿತು. “ಬಾಯಿ ತಗಿ ಅಣ್ಣಾ, ಒಂದ ಹತ್ತರೆ ಕೊಡು! ಗಿರಾಕಿ ಕುಂತಾನ.”

“ಬಾಯಿ ಮುಚ್ಚೀನೋ ತಮ್ಮಾ. ಮುಂದಿನ ವಾರ ನೇಸಿ ಕೊಡ್ತೇನಿ ಅಂತ ಹೇಳು. ಹೇಳಿಟ್ಟ ಹೋಗಲಿ.”

ಫೋನು ಇಟ್ಟ ಮೇಲೆ ನನಗೆ ಹೊಳೆಯಿತು. ಅವನು ಬಿಲ್ಲು ಹರಿದಿರಲಿಲ್ಲ. ಬೇಕೆಂದರೆ ಆ ಗೋದಾಮಿನಿಂದಲೂ ಹರಿಯಬಹುದಿತ್ತು, ಯಾವ ಬೀಗವನ್ನೂ ನಾನು ಹಾಕಿರಲಿಲ್ಲ. ಹೆಸರು ಓದಿದ ಕೂಡಲೇ ಅಣ್ಣನನ್ನು ಕೇಳಬೇಕು ಎನಿಸಿತ್ತು ಅವನಿಗೆ.

ಮದುವೆಯ ಹಿಂದಿನ ದಿನ ಲಗಮವ್ವ ಟಂಟಂ ಆಟೋ ಮಾಡಿಕೊಂಡು ಬಂದಳು. ಹಿಂದೆ ಇನ್ನೊಬ್ಬಳು ಇಳಿದಳು. ಎತ್ತರದ ಹೆಂಗಸು, ತುಟಿ ಬಿಗಿದುಕೊಂಡಿದ್ದಳು. ಲಗಮವ್ವ ಅವಳ ಕಡೆ ನೋಡದೆ “ಮಾಯವ್ವ” ಎಂದಳು. “ನಾನ ಕಣ್ಣಿಂದ ನೋಡೂತನ ನಂಬೂದಿಲ್ಲ ಅಂದ್ಳು. ಬಾ ಅಂದೆ.”

ದಸ್ತಗೀರ ಎರಡು ಗಂಟು ತಂದಿಟ್ಟ. ಒಂ‍ದೊಂದು ಮನೆಗೆ ಒಂದೊಂದು. ಮಾಯವ್ವ ಈ ಗಂಟಿನಿಂದ ಒಂದು, ಆ ಗಂಟಿನಿಂದ ಒಂದು ಸೀರೆ ಎಳೆದು ಅಂಗಳದ ಬಿಸಿಲಿಗೆ ಒಯ್ದಳು. ದಡಿಗೆ ದಡಿ ಹಚ್ಚಿ ನೋಡಿದಳು. ಸೆರಗು ತಿರುವಿ ನೋಡಿದಳು. ಒಳಗೆ ಬಂದು ಇನ್ನೆರಡು ಎಳೆದಳು. ಕರೆಂಟು ಹೋಗುವ ಮೊದಲು ನೇಯ್ದದ್ದಕ್ಕೂ ಬಂದ ಮೇಲೆ ನೇಯ್ದದ್ದಕ್ಕೂ ಏನಾದರೂ ವ್ಯತ್ಯಾಸ ಇದ್ದರೆ ಬಿಸಿಲಿನಲ್ಲಿ ಬಚ್ಚಿಡಲು ಆಗುವುದಿಲ್ಲ. ಲಗಮವ್ವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು.

ಮಾಯವ್ವ ಕೈಯಲ್ಲಿದ್ದ ಸೀರೆಗಳನ್ನು ಗಂಟಿಗೆ ವಾಪಸು ಇಡಲು ಬಂದಳು, ನಿಂತಳು. ಒಂದನ್ನು ಈ ಕಡೆ ಹಿಡಿದಳು, ಮತ್ತೆ ಆ ಕಡೆ ಹಿಡಿದಳು.

“ಯಾವದ ಯಾವ ಗಂಟಿಂದು ತಿಳೀವಲ್ದಲ್ಲ” ಎಂದಳು.

“ಯಾವದರಾಗರೆ ಇಡು” ಎಂದಳು ಲಗಮವ್ವ.

ಮಾಯವ್ವ ಎರಡೂ ಗಂಟು ಬಿಚ್ಚಿದಳು. ನಲವತ್ತನ್ನೂ ಕೂಡಿಸಿ ಒಂದೇ ಗಂಟು ಕಟ್ಟಿದಳು. ದೊಡ್ಡದಾಯಿತು, ಕಟ್ಟಲು ಬರಲಿಲ್ಲ. ಲಗಮವ್ವ ಮೊಣಕಾಲೂರಿ ಗಂಟನ್ನು ಅಮುಕಿ ಹಿಡಿದಳು, ಇವಳು ಬಿಗಿದಳು. ಆಮೇಲೆ ಮಾಯವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೇರ ನನ್ನ ಮೇಜಿನ ಮುಂದೆ ಬಂದು ನಿಂತಳು.

“ನೀನ ಏನವಾ ಹೇಳಿಟ್ಟದ್ದು ಬರಕೊಳ್ಳಾಕಿ? ನಂದೂ ಬರಿ. ಮಗಳ ಮದವಿ. ಅರಿಷಿಣ ಬಣ್ಣ, ಹಸರು ದಡಿ.”

ಕಾಕಾ ಹತ್ತಿರ ಬಂದರು. “ಮದವಿ ಯಾವಾಗವಾ?”

“ವರ ಹುಡುಕಾಕತ್ತೇವ್ರಿ.”

“ವರ ಸಿಗೂಕಿಂತ ಮೊದ್ಲ ಸೀರೀನ?”

“ವರ ಸಿಕ್ಕ ಮ್ಯಾಲೆ ಬಂದ್ರ, ಅಷ್ಟರಾಗ ನಿಮ್ಮ ತಮ್ಮ ಮಾರಿ ಕುಂತಿದ್ರ?”

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ದಸ್ತಗೀರ ಬಾಯಿಗೆ ಟವೆಲು ಒತ್ತಿಕೊಂಡ. ಕಾಕಾ ಹೊಟ್ಟೆ ಹಿಡಿದು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಟೋಪಿ ಸರಿ ಮಾಡಿಕೊಂಡು “ಆತವಾ” ಎಂದರು.

“ಎಷ್ಟು ಬರೀಲ್ರಿ?” ಎಂದು ನಾನು ಕೇಳಿದೆ.

ಮಾಯವ್ವ ಬೆರಳು ಮಡಚಿ ಎಣಿಸಲು ಕೈ ಎತ್ತಿದಳು. ಮೊದಲ ಬೆರಳು ಮಡಚುವ ಮುನ್ನ ತಿರುಗಿ, ಗಂಟಿನ ಮೇಲೆ ಇನ್ನೂ ಕೈಯೂರಿ ಕುಳಿತಿದ್ದ ಲಗಮವ್ವನನ್ನು ನೋಡಿದಳು.

“ಮೊದಲ ಸೀರಿ ಈಕೀದು ಹಿಡಿ” ಎಂದಳು.